ನೆಲ ಕಂದು, ಮೊಲ ಬಿಳಿ: ಉತ್ತರದ ಕಾಡಿನ ಸಸ್ತನಿಗಳಿಗೆ ಹಿಮ ಕೈಕೊಟ್ಟಾಗ

ಸ್ಪ್ರೂಸ್‌ನಾಡು, ಎಡ್ಮಂಟನ್ (ಕೆನಡಾ) · ಡಿಸೆಂಬರ್ 2

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಬೆಳಿಗ್ಗೆ ಕಸದ ಡಬ್ಬಿಯನ್ನು ರಸ್ತೆಯಂಚಿಗೆ ಎಳೆದು ತರುತ್ತಿದ್ದಾಗ ಮನೆಯ ಮುಂದಿನ ಒಣಹುಲ್ಲಿನ ಮೇಲೆ ಒಂದು ಮೊಲ ಕುಳಿತಿತ್ತು. ಅದರ ಮೈ ಸುಣ್ಣ ಬಳಿದಷ್ಟು ಬಿಳಿ, ನೆಲ ಗೋಣಿತಾಟಿನ ಬಣ್ಣ. ಬೇರೆ ವರ್ಷಗಳಲ್ಲಿ ಈ ಹೊತ್ತಿಗೆ ಅಂಗಳದಲ್ಲಿ ಗೇಣುದ್ದ ಹಿಮ ನಿಂತಿರುತ್ತದೆ. ಈ ಸಲ ಎರಡು ಬಾರಿ ಬಿದ್ದು ಎರಡು ಬಾರಿಯೂ ಕರಗಿಹೋಗಿತ್ತು. ನಾನು ನಾಲ್ಕು ಮಾರು ದೂರಕ್ಕೆ ಬಂದರೂ ಮೊಲ ಕದಲಲಿಲ್ಲ. ಕಿವಿಗಳನ್ನು ಬೆನ್ನಿಗೆ ಒತ್ತಿಕೊಂಡು, ತಾನು ಯಾರ ಕಣ್ಣಿಗೂ ಬೀಳುತ್ತಿಲ್ಲವೆಂಬ ಪೂರ್ಣ ಧೈರ್ಯದಲ್ಲಿ ಕುಳಿತೇ ಇತ್ತು. ಎದುರುಸಾಲಿನ ಮನೆಗಳ ಕಿಟಕಿಯಿಂದಲೂ ಅದು ಕಾಣುತ್ತಿದ್ದಿರಬೇಕು.

ಹವಾಮಾನ ಬದಲಾವಣೆಯ ಮಾತು ಬಂದಾಗಲೆಲ್ಲ ನಾವು ಸೆಕೆಯ ಲೆಕ್ಕವನ್ನೇ ಹಾಕುತ್ತೇವೆ, ಎಷ್ಟು ಡಿಗ್ರಿ ಏರಿತು ಎಂದು ಕೇಳುತ್ತೇವೆ. ಅಲಾಸ್ಕಾದಿಂದ ಹೊರಟು ಕೆನಡಾ, ಸ್ಕ್ಯಾಂಡಿನೇವಿಯಾ, ಫಿನ್ಲೆಂಡ್, ಸೈಬೀರಿಯಾಗಳನ್ನು ಹಾದು ಭೂಮಿಯ ತಲೆಗೆ ಕಟ್ಟಿದ ಮುಂಡಾಸಿನಂತಿರುವ ಬೋರಿಯಲ್ ಕಾಡಿನಲ್ಲಿ (ರಷ್ಯನ್ನರು ಇದನ್ನು ಟೈಗಾ ಎನ್ನುತ್ತಾರೆ; ಜಗತ್ತಿನ ಒಟ್ಟು ಕಾಡಿನ ಮೂರನೆಯ ಒಂದು ಭಾಗದಷ್ಟು ಇದೇ ಇದೆ) ಪ್ರಾಣಿಗಳ ಬದುಕು ನಿಂತಿರುವುದು ಡಿಗ್ರಿಯ ಮೇಲಲ್ಲ, ಹಿಮದ ಮೇಲೆ ಎಂಬುದು ಇಲ್ಲಿ ಹಲವು ಚಳಿಗಾಲಗಳನ್ನು ಕಳೆದ ನನಗೆ ನಿಧಾನವಾಗಿ ಮನದಟ್ಟಾಗಿದೆ. ಹೊರಗೆ ಮೈನಸ್ 35 ಇದ್ದರೂ ದಪ್ಪ ಹಿಮದ ಅಡಿಯಲ್ಲಿ, ನೆಲಕ್ಕೂ ಹಿಮಕ್ಕೂ ನಡುವಿನ ಸಂದಿಯಲ್ಲಿ, ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಇಲಿ, ಮೂಗಿಲಿಗಳಿಗೆ ಅದೇ ಕಂಬಳಿ. ಕೆಲವು ಪ್ರಾಣಿಗಳಿಗೆ ಹಿಮ ಬಾಣಂತಿಕೋಣೆ, ಕೆಲವಕ್ಕೆ ಉಗ್ರಾಣ, ಮೊಲಕ್ಕೆ ಮರೆ. ಆ ಹಿಮ ತಡವಾಗಿ ಬಂದು ಬೇಗ ಹೊರಟರೆ ಯಾರ ಗತಿ ಏನು ಎಂಬುದನ್ನು ತಿಳಿದವರು ಹಂಚಿಕೊಳ್ಳಬೇಕೆಂದು ಕೋರುತ್ತೇನೆ.

ನಾನು ಓದಿ ತಿಳಿದದ್ದನ್ನು ಮೊದಲು ಹೇಳಿಬಿಡುತ್ತೇನೆ. ಹಿಮಪಾದದ ಮೊಲ, ಅಂದರೆ ಸ್ನೋಶೂ ಮೊಲ, ಬಣ್ಣ ಬದಲಿಸುವುದು ಚಳಿಯನ್ನು ನೋಡಿಕೊಂಡಲ್ಲ, ಹಗಲಿನ ಉದ್ದವನ್ನು ನೋಡಿಕೊಂಡು. ಹಗಲು ಇಂತಿಷ್ಟು ಕುಗ್ಗಿತೆಂದರೆ ಹಿಮ ಬಂದಿರಲಿ, ಬಾರದಿರಲಿ, ಕಂದು ಕೂದಲು ಉದುರಿ ಬಿಳಿಯದು ಹುಟ್ಟಲೇಬೇಕು. ಸೂರ್ಯನ ಪಂಚಾಂಗ ಬದಲಾಗಿಲ್ಲ, ಹಿಮದ ಪಂಚಾಂಗ ಬದಲಾಗಿದೆ. ಸ್ಕಾಟ್ ಮಿಲ್ಸ್ ಎಂಬ ವಿಜ್ಞಾನಿಯ ತಂಡ ಅಮೆರಿಕದ ಮೊಂಟಾನಾದಲ್ಲಿ ಮೊಲಗಳಿಗೆ ರೇಡಿಯೋ ಪಟ್ಟಿ ಕಟ್ಟಿ ನೋಡಿತು. ನೆಲಕ್ಕೂ ಮೈಬಣ್ಣಕ್ಕೂ ಪೂರ್ತಿ ತಾಳೆ ತಪ್ಪಿದಾಗ ಒಂದು ವಾರ ಬದುಕುಳಿಯುವ ಸಾಧ್ಯತೆ ಹೆಚ್ಚೆಂದರೆ ಶೇಕಡಾ 7ರಷ್ಟು ತಗ್ಗುತ್ತದೆಂದು 2016ರಲ್ಲಿ ಪ್ರಕಟಿಸಿತು. ವಾರಕ್ಕೆ ಎಂಬುದನ್ನು ಗಮನಿಸಬೇಕು. ಐದಾರು ವಾರ ಹೀಗೇ ಕಳೆದರೆ ಲೆಕ್ಕ ಎಲ್ಲಿಗೆ ಮುಟ್ಟುತ್ತದೆಂದು ನೀವೇ ಗುಣಿಸಿ ನೋಡಿ.

ನಿವೃತ್ತ ಮೇಷ್ಟ್ರು, ಮೈಸೂರು · ಡಿಸೆಂಬರ್ 3

ಸ್ಪ್ರೂಸ್‌ನಾಡು ಅವರ ಬರಹ ಚೆನ್ನಾಗಿದೆ, ವಿಷಯವೂ ಬಹುಮಟ್ಟಿಗೆ ಸರಿಯಾಗಿದೆ. ಆದರೆ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವನ ಚಾಳಿ, ಒಂದು ಪ್ರಶ್ನೆ ಕೇಳದೆ ಬಿಡಲಾರೆ. ತಮ್ಮ ಅಂಗಳದಲ್ಲಿ ಕುಳಿತದ್ದು ಸ್ನೋಶೂ ಮೊಲವೇ ಹೌದೆ? ಅದರ ಕಿವಿ ಎಷ್ಟು ಉದ್ದವಿತ್ತು, ಓಡುವಾಗ ಬಾಲ ಯಾವ ಬಣ್ಣದ್ದು ಕಂಡಿತು ಎಂದು ದಯವಿಟ್ಟು ತಿಳಿಸಿ. ಸ್ನೋಶೂ ಮೊಲ ಒಂದೂವರೆ ಕಿಲೋ ತೂಗುವ, ಗಿಡ್ಡ ಕಿವಿಯ, ದಟ್ಟ ಪೊದೆ ಬಿಟ್ಟು ಈಚೆಗೆ ಬರಲೊಲ್ಲದ ಸಂಕೋಚದ ಪ್ರಾಣಿ. ಎಡ್ಮಂಟನ್ ನಗರದ ಹುಲ್ಲುಹಾಸುಗಳಲ್ಲಿ ರಾಜಾರೋಷವಾಗಿ ತಿರುಗುವುದು ಸಾಮಾನ್ಯವಾಗಿ ಬಿಳಿಬಾಲದ ಜ್ಯಾಕ್‌ರ್‍ಯಾಬಿಟ್. ಅದು ಬಯಲಿನ ಪ್ರಾಣಿ, ಇದರ ಎರಡರಷ್ಟು ತೂಕದ್ದು. ಅದೂ ಚಳಿಗಾಲಕ್ಕೆ ಬಿಳಿಯಾಗುತ್ತದೆ. ಹೆಸರಿನಲ್ಲಿ ರ್‍ಯಾಬಿಟ್ ಇದ್ದರೂ ಇವೆರಡೂ, ನಮ್ಮ ಹೊಲದಂಚಿನ ಕಾಡುಮೊಲವೂ ಸೇರಿ, ಲೆಪಸ್ ಎಂಬ ಒಂದೇ ಕುಲಕ್ಕೆ ಸೇರಿದ ದಾಯಾದಿಗಳು.

ದಾಯಾದಿಗಳ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಅಮೆರಿಕದ ಪೆಸಿಫಿಕ್ ಕರಾವಳಿಯ ಕಡೆ ಹಿಮ ಕಡಿಮೆ ಬೀಳುವ ಪ್ರದೇಶಗಳಲ್ಲಿ ಸ್ನೋಶೂ ಮೊಲಗಳು ಚಳಿಗಾಲದಲ್ಲಿಯೂ ಕಂದಾಗಿಯೇ ಉಳಿಯುತ್ತವೆ. ಇದಕ್ಕೆ ಕಾರಣವಾದ ಜೀನ್ ರೂಪ ಅವುಗಳ ಸ್ವಂತದ್ದಲ್ಲ. ಹಿಂದೆಂದೋ ಕರಿಬಾಲದ ಜ್ಯಾಕ್‌ರ್‍ಯಾಬಿಟ್ ಜೊತೆ ಬೆರಕೆಯಾದಾಗ ಎರವಲು ಬಂದದ್ದು ಎಂದು 2018ರಲ್ಲಿ ಗೊತ್ತಾಯಿತು. ಹಿಮ ಕಡಿಮೆಯಾಗುತ್ತ ಹೋದಂತೆ ಈ ಎರವಲು ಜೀನ್ ಉತ್ತರಕ್ಕೆ ಹಬ್ಬಿ ಮೊಲಗಳನ್ನು ಉಳಿಸಬಹುದೆಂಬ ಆಸೆ ಕೆಲವರಿಗಿದೆ. ಆದರೆ ಜೀನ್ ಹಬ್ಬುವುದಕ್ಕೆ ತಲೆಮಾರುಗಳು ಬೇಕು, ಕಂದುಮೊಲ ಬಿಳಿಮೊಲಗಳೆರಡೂ ಕೂಡಿ ಬಾಳುವ ಪ್ರದೇಶಗಳೂ ಬೇಕು. ಒಳನಾಡಿನ ಬೋರಿಯಲ್ ಕಾಡಿನಲ್ಲಿ ಎಲ್ಲವೂ ಬಿಳಿಯಾಗುವ ಮೊಲಗಳೇ.

ಮೊಲ ಕುಂದಿದರೆ ಲಿಂಕ್ಸ್ ಎಂಬ ಕಾಡುಬೆಕ್ಕೂ ಕುಂದುತ್ತದೆ. ಹಡ್ಸನ್ಸ್ ಬೇ ಕಂಪನಿಯು ಬೇಟೆಗಾರರಿಂದ ಕೊಂಡ ತುಪ್ಪಳದ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುವ ಲಿಂಕ್ಸ್ ಸಂಖ್ಯೆಯನ್ನು ಪರಿಸರವಿಜ್ಞಾನಿ ಚಾರ್ಲ್ಸ್ ಎಲ್ಟನ್ ಹೆಕ್ಕಿ ತೆಗೆದದ್ದನ್ನು ನಾನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಎರಡು ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಹಿಮದಲ್ಲಿ ಹೂತುಹೋಗದಂತೆ ಅಗಲವಾದ ಪಾದಗಳು ಆ ಬೆಕ್ಕಿಗಿವೆ; ಮೆತ್ತನೆಯ ಹಿಮದಲ್ಲಿ ಇತರ ಬೇಟೆಗಾರ ಪ್ರಾಣಿಗಳಿಗಿಂತ ಅದು ಮುಂದಿರುವುದು ಆ ಪಾದಗಳಿಂದಲೇ.

ಸ್ಪ್ರೂಸ್‌ನಾಡು, ಎಡ್ಮಂಟನ್ · ಡಿಸೆಂಬರ್ 3

ಮೇಷ್ಟ್ರೇ, ಸೋತೆ. ಕಿವಿ ನನ್ನ ಗೇಣಿನಷ್ಟು ಉದ್ದವಿತ್ತು, ತುದಿ ಕಪ್ಪು, ಬಾಲ ಅಪ್ಪಟ ಬಿಳಿ. ಹನ್ನೊಂದು ವರ್ಷ ಅದನ್ನು ಸ್ನೋಶೂ ಮೊಲವೆಂದೇ ಮಕ್ಕಳಿಗೂ ಹೇಳಿಕೊಟ್ಟಿದ್ದೆ. ಬಿಳಿ ಮೈ, ಕಂದು ನೆಲ ಎಂಬ ಮಾತು ಮಾತ್ರ ನಿಲ್ಲುತ್ತದೆ ಎಂದುಕೊಳ್ಳುತ್ತೇನೆ.

ಹಾರುಬೆಕ್ಕು, ತೀರ್ಥಹಳ್ಳಿ · ಡಿಸೆಂಬರ್ 4

ನನ್ನ ಹೆಸರೇ ಹೇಳುವಂತೆ ನನಗೆ ಹಾರುವ ಅಳಿಲುಗಳ ಮೇಲೆ ವಿಶೇಷ ಪ್ರೀತಿ. ನಮ್ಮ ಮಲೆನಾಡಿನ ಹಾರುಬೆಕ್ಕು ಬಾಲ ಸೇರಿ ಮೂರಡಿ ಬೆಳೆಯುತ್ತದೆ. ಕೆನಡಾದ ಉತ್ತರ ಹಾರುವ ಅಳಿಲು ಒಂದು ಅಡಿ ಉದ್ದ, ತೂಕ ನೂರು ಗ್ರಾಂ ಆಸುಪಾಸು, ಅಂಗೈಯಲ್ಲಿ ಮಡಚಿಟ್ಟುಕೊಳ್ಳಬಹುದು. ಎರಡೂ ಹಾರುವುದಿಲ್ಲ, ಕೈಕಾಲುಗಳ ನಡುವಿನ ಚರ್ಮವನ್ನು ಚಾದರದಂತೆ ಬಿಡಿಸಿ ಜಾರುತ್ತವೆ. ವಿಸ್ಕಾನ್ಸಿನ್‌ನಲ್ಲಿ ಪ್ರಾಧ್ಯಾಪಕರೊಬ್ಬರು ರಾತ್ರಿ ಹೊತ್ತು ಅತಿನೇರಳೆ ಟಾರ್ಚ್ ಹಿಡಿದು ಕಾಡಿನ ಪಾಚಿಗಳನ್ನು ನೋಡುತ್ತಿದ್ದಾಗ ಮೇಲಿನಿಂದ ಜಾರಿ ಬಂದ ಅಳಿಲೊಂದು ಅಪ್ಪಟ ಗುಲಾಬಿ ಬಣ್ಣದಲ್ಲಿ ಹೊಳೆಯಿತಂತೆ. ಸಂಗ್ರಹಾಲಯಗಳ ಹಳೆಯ ಚರ್ಮಗಳಿಗೂ ಅದೇ ಬೆಳಕು ಬಿಟ್ಟು ನೋಡಿ ಆ ಕುಲದ ಮೂರೂ ಪ್ರಭೇದಗಳು ಹೊಳೆಯುತ್ತವೆಂದು 2019ರಲ್ಲಿ ಬರೆದರು. ಇದರ ಉಪಯೋಗವೇನು ಎಂಬುದನ್ನು ಅವು ಇನ್ನೂ ಬಿಟ್ಟುಕೊಟ್ಟಿಲ್ಲ.

ಗುಲಾಬಿ ಬಣ್ಣಕ್ಕಿಂತ ದೊಡ್ಡ ಸಂಗತಿ ಅದರ ಊಟ. ನೆಲದೊಳಗೆ ಬೆಳೆಯುವ ಟ್ರಫಲ್ ಜಾತಿಯ ಅಣಬೆಗಳನ್ನು ಅದು ವಾಸನೆಯಿಂದ ಹುಡುಕಿ, ಅಗೆದು ತಿನ್ನುತ್ತದೆ. ಈ ಅಣಬೆಗಳ ನೂಲುಗಳು ಸ್ಪ್ರೂಸ್, ಫರ್ ಮರಗಳ ಬೇರುಗಳನ್ನು ಸುತ್ತಿಕೊಂಡು ನೀರು, ಸಾರಗಳನ್ನು ಒದಗಿಸುತ್ತವೆ, ಪ್ರತಿಯಾಗಿ ಮರದಿಂದ ಸಕ್ಕರೆ ಪಡೆಯುತ್ತವೆ. ನೆಲದೊಳಗಿನ ಅಣಬೆಗೆ ಗಾಳಿಯಲ್ಲಿ ಬೀಜಕಣ ಹಾರಿಸುವ ದಾರಿಯಿಲ್ಲ; ಅಳಿಲಿನ ಹೊಟ್ಟೆಯೇ ಅದರ ಬಸ್ಸು. ಬೇಸಿಗೆಯಲ್ಲಿ ನೆಲ ಒಣಗಿದರೆ ಅಣಬೆ ಕಡಿಮೆ, ಅಣಬೆ ಕಡಿಮೆಯಾದರೆ ಅಳಿಲಿಗೂ ಮರಕ್ಕೂ ಕಷ್ಟ.

ಇದಕ್ಕೆ ನೆರೆಯವನ ಕಾಟವೂ ಸೇರಿದೆ. ದಕ್ಷಿಣ ಹಾರುವ ಅಳಿಲು ಎಂಬ ಇನ್ನೂ ಚಿಕ್ಕ ಪ್ರಭೇದ ಚಳಿ ತಾಳದೆ ಹಿಂದೆ ದಕ್ಷಿಣದಲ್ಲೇ ಇರುತ್ತಿತ್ತು. 1990ರ ದಶಕದ ಮಧ್ಯದಿಂದ ಚಳಿಗಾಲ ಬೆಚ್ಚಗಾದಂತೆ ಅದು ಒಂಟಾರಿಯೋದಲ್ಲಿ ಉತ್ತರಕ್ಕೆ ಸರಿದು ಬಂತು. ಎರಡರ ನಡುವೆ ಬೆರಕೆ ಮರಿಗಳು ಹುಟ್ಟುತ್ತಿರುವುದು 2010ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಖಚಿತವಾಯಿತು. ದಕ್ಷಿಣದ ಅಳಿಲು ತನ್ನ ಕರುಳಿನಲ್ಲಿ ಒಂದು ಬಗೆಯ ಹುಳುವನ್ನೂ ಹೊತ್ತು ತರುತ್ತದೆ. ಅದನ್ನು ಸಾಕಿಕೊಂಡೇ ಅದು ಆರಾಮಾಗಿರುತ್ತದೆ, ಉತ್ತರದ್ದಕ್ಕೆ ಮಾತ್ರ ಅದು ಅಪಾಯಕಾರಿ ಎಂದು ಅನೇಕ ಸಂಶೋಧಕರ ಎಣಿಕೆ. ಚಳಿಯೇ ಅದುವರೆಗೆ ಈ ಇಬ್ಬರ ನಡುವಿನ ಬೇಲಿಯಾಗಿತ್ತು.

ಅನುಮಾನಿ, ಬೆಂಗಳೂರು · ಡಿಸೆಂಬರ್ 5

ಎಲ್ಲರ ಬರಹಗಳನ್ನೂ ಆಸಕ್ತಿಯಿಂದ ಓದಿದೆ. ಹವಾಮಾನ ಬದಲಾಗುತ್ತಿಲ್ಲವೆಂದು ವಾದಿಸುವವನು ನಾನಲ್ಲ. ನನ್ನ ಆಕ್ಷೇಪ ಬೇರೆ. ಈಗೀಗ ಯಾವ ಪ್ರಾಣಿ ಕಡಿಮೆಯಾದರೂ ಹವಾಮಾನದ ತಲೆಗೆ ಕಟ್ಟುವುದು ಸುಲಭದ ಅಭ್ಯಾಸವಾಗಿದೆ, ಏಕೆಂದರೆ ಹವಾಮಾನಕ್ಕೆ ವಿಳಾಸವಿಲ್ಲ. ಕಾಡು ಕಡಿದವರಿಗೆ, ತೈಲಕ್ಕಾಗಿ ಕಾಡಿನ ನಡುವೆ ನೇರ ಗೆರೆ ಎಳೆದವರಿಗೆ, ಬಲೆ ಒಡ್ಡಿದವರಿಗೆ ವಿಳಾಸವಿದೆ. ಎರಡನೆಯದಾಗಿ, ಈ ಪ್ರಾಣಿಗಳೆಲ್ಲ ಹಿಮಯುಗಗಳನ್ನೂ ಅವುಗಳ ನಡುವಿನ ಬೆಚ್ಚನೆಯ ಕಾಲಗಳನ್ನೂ ದಾಟಿ ಬಂದವು. ಯೂಕಾನ್‌ನ ಕ್ಲುವಾನೆಯಲ್ಲಿ ಕೆಂಪು ಅಳಿಲುಗಳು ಹತ್ತು ವರ್ಷಗಳಲ್ಲಿ ಮರಿಹಾಕುವ ಕಾಲವನ್ನು 18 ದಿನ ಬೇಗ ಮಾಡಿಕೊಂಡವೆಂದು 2003ರಷ್ಟು ಹಿಂದೆಯೇ ವರದಿಯಾಗಿದೆ. ಅಳಿಲು ಹೊಂದಿಕೊಂಡಿತೆಂದರೆ ಉಳಿದವಕ್ಕೆ ಏಕೆ ಆಗದು?

ನಿವೃತ್ತ ಮೇಷ್ಟ್ರು, ಮೈಸೂರು · ಡಿಸೆಂಬರ್ 5

ಅನುಮಾನಿಯವರು ಉದಾಹರಿಸಿದ ಅಧ್ಯಯನ ನಿಜ, ಅದರ ಒಳಗಿನ ಲೆಕ್ಕವನ್ನೂ ನೋಡಬೇಕು. ತಲೆಮಾರಿಗೆ ಸುಮಾರು 6 ದಿನಗಳಂತೆ ಆದ ಆ ಬದಲಾವಣೆಯಲ್ಲಿ 3.7 ದಿನಗಳು ಹೆಚ್ಚು ಸ್ಪ್ರೂಸ್ ಕಾಯಿ ಸಿಕ್ಕಿದ ವರ್ಷಗಳಲ್ಲಿ ತಾಯಂದಿರು ಬೇಗ ಮರಿಹಾಕಿದ್ದರಿಂದ ಬಂದವು. ವಂಶವಾಹಿಯಲ್ಲಿ ಆದ ಬದಲಾವಣೆಯ ಪಾಲು 0.8 ದಿನ. ಕೆಂಪು ಅಳಿಲಿಗೆ ಕಾಯಿಗಳನ್ನು ಕೂಡಿಡುವ ಕಣಜವಿದೆ. ವರ್ಷ ಚೆನ್ನಾಗಿದ್ದರೆ ಅದು ಕಾಲವನ್ನು ಹಿಂದುಮುಂದು ಮಾಡಿಕೊಳ್ಳಬಲ್ಲದು. ಹಗಲಿನ ಉದ್ದಕ್ಕೆ ಮೈಯನ್ನು ಕಟ್ಟಿಹಾಕಿಕೊಂಡ ಮೊಲಕ್ಕೆ ಶರತ್ಕಾಲದಲ್ಲಿ ಆ ಸ್ವಾತಂತ್ರ್ಯವಿಲ್ಲ. ಹೊಂದಿಕೊಳ್ಳುತ್ತವೆಯೇ ಎಂದು ಒಟ್ಟಾರೆ ಕೇಳಿದರೆ ಉತ್ತರ ಸಿಗದು. ಯಾವ ಪ್ರಾಣಿ, ಯಾವ ಕೀಲಿಯಿಂದ ತನ್ನ ಗಡಿಯಾರಕ್ಕೆ ಚಾವಿ ಕೊಡುತ್ತದೆ ಎಂದು ಕೇಳಬೇಕು.

ಆ ಕೀಲಿ ಒಂದೇ ಪ್ರಭೇದದೊಳಗೂ ಬೇರೆಯಾಗಿರಬಹುದು. ಆರ್ಕ್ಟಿಕ್ ನೆಲಅಳಿಲು ವರ್ಷದ ಏಳೆಂಟು ತಿಂಗಳು ಹೆಪ್ಪುಗಟ್ಟಿದ ಮಣ್ಣಿನೊಳಗೆ ಮಲಗುತ್ತದೆ. ಆಗ ಅದರ ಮೈಯ ಉಷ್ಣಾಂಶ ಮೈನಸ್ 2.9 ಡಿಗ್ರಿಯವರೆಗೂ ಇಳಿಯುತ್ತದೆ, ರಕ್ತ ಮಾತ್ರ ಹೆಪ್ಪುಗಟ್ಟುವುದಿಲ್ಲ ಎಂದು ವಿಜ್ಞಾನಿ ಬ್ರಯಾನ್ ಬಾರ್ನ್ಸ್ 1989ರಲ್ಲಿ ತೋರಿಸಿದರು. ಅಲಾಸ್ಕಾದಲ್ಲಿ ಇಪ್ಪತ್ತೈದು ವರ್ಷ ಅಳೆದು ನೋಡಿದಾಗ ಹೆಣ್ಣುಗಳು ಮೊದಲಿಗಿಂತ ಹತ್ತು ದಿನ ಬೇಗ ಏಳುತ್ತಿವೆ, ಗಂಡುಗಳು ಏಳುವ ದಿನ ಬದಲಾಗಿಲ್ಲ. ಗಂಡುಗಳು ಮೊದಲೇ ಎದ್ದು, ಬಿಲದಲ್ಲೇ ಇದ್ದು, ಸಂತಾನಕ್ಕೆ ಸಿದ್ಧವಾಗುವುದು ರೂಢಿ; ಆ ಅಂತರ ಈಗ ಕಿರಿದಾಗುತ್ತಿದೆ. ಈ ಅಧ್ಯಯನ ಕಾಡು ಮುಗಿದು ಟಂಡ್ರಾ ಶುರುವಾಗುವ ಕಡೆಯದು, ಗಡಿ ದಾಟಿದ್ದಕ್ಕೆ ಕ್ಷಮೆಯಿರಲಿ.

ಉಪ್ಸಾಲಾ ವಾಸಿ, ಸ್ವೀಡನ್ · ಡಿಸೆಂಬರ್ 7

ಸ್ಪ್ರೂಸ್‌ನಾಡು ಅವರು ಬಾಣಂತಿಕೋಣೆ ಎಂದು ಬರೆದಾಗ ವುಲ್ವರೀನ್ ಅವರ ಮನಸ್ಸಿನಲ್ಲಿತ್ತೆಂದು ಊಹಿಸುತ್ತೇನೆ. ಸಿನಿಮಾ ನಾಯಕನನ್ನು ಪಕ್ಕಕ್ಕಿಡೋಣ. ಇದು ನಮ್ಮ ಕಾವೇರಿಯ ನೀರುನಾಯಿಯ ಬಳಗಕ್ಕೆ ಸೇರಿದ, ನೋಡಲು ಪುಟ್ಟ ಕರಡಿಯಂತಿರುವ, ಹೆಚ್ಚೆಂದರೆ ಹದಿನೆಂಟು ಕಿಲೋ ತೂಗುವ ಪ್ರಾಣಿ. ಹೆಪ್ಪುಗಟ್ಟಿದ ಹೆಣವನ್ನು ಮೂಳೆಸಮೇತ ಅರೆಯಲು ಅದರ ಮೇಲ್ದವಡೆಯ ಕೊನೆಯ ಹಲ್ಲು ಅಡ್ಡಕ್ಕೆ ತಿರುಗಿಕೊಂಡಿದೆ. ಬೇಸಿಗೆಯಲ್ಲಿ ಕೂಡಿದರೂ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವುದು ಚಳಿಗಾಲದಲ್ಲಿ. ಫೆಬ್ರವರಿ, ಮಾರ್ಚ್ ಹೊತ್ತಿಗೆ ತಾಯಿ ಆಳದ ಹಿಮದೊಳಗೆ ಸುರಂಗ ಕೊರೆದು ಬಿಳಿ ಮರಿಗಳನ್ನು ಹಾಕುತ್ತದೆ.

2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕ, ಸ್ಕ್ಯಾಂಡಿನೇವಿಯಾಗಳಲ್ಲಿ ಆವರೆಗೆ ಗೊತ್ತಿದ್ದ ಮರಿಗೂಡುಗಳನ್ನು ಉಪಗ್ರಹ ಚಿತ್ರಗಳ ಮೇಲಿಟ್ಟು ನೋಡಿತು. ಬಹುತೇಕ ಎಲ್ಲವೂ ಮೇ ಮಧ್ಯದವರೆಗೆ ಹಿಮ ಉಳಿಯುವ ಜಾಗಗಳಲ್ಲೇ ಇದ್ದವು. ಅಲ್ಲಿಂದ ವಸಂತದ ಹಿಮವಿಲ್ಲದೆ ವುಲ್ವರೀನ್ ಇಲ್ಲ ಎಂಬ ಮಾತು ಬಲಗೊಂಡಿತು. ಅಮೆರಿಕ ಸರ್ಕಾರದ ವನ್ಯಜೀವಿ ಇಲಾಖೆ ಇದನ್ನು ಅಪಾಯದಂಚಿನ ಪಟ್ಟಿಗೆ ಸೇರಿಸುವುದಾಗಿ 2013ರಲ್ಲಿ ಹೇಳಿತು, 2014ರಲ್ಲಿ ಹಿಂದೆ ಸರಿಯಿತು, 2016ರಲ್ಲಿ ನ್ಯಾಯಾಲಯ ಮರುಪರಿಶೀಲನೆಗೆ ಆದೇಶಿಸಿತು, 2020ರಲ್ಲಿ ಇಲಾಖೆ ಮತ್ತೆ ನಿರಾಕರಿಸಿತು. ಕೊನೆಗೆ 2023ರ ನವೆಂಬರ್‌ನಲ್ಲಿ ಅಲಾಸ್ಕಾ ಹೊರತಾದ ಭಾಗಕ್ಕೆ ಸೇರಿಸಿತು. ಹತ್ತು ವರ್ಷ ನಡೆದ ವ್ಯಾಜ್ಯದ ಹೂರಣವೆಲ್ಲ ಹಿಮವೇ.

ಸ್ವೀಡನ್ನಿನ ಕಥೆ ಮಾತ್ರ ಈ ಪಾಠಕ್ಕೆ ಒಗ್ಗುವುದಿಲ್ಲ. ಇಲ್ಲಿ ಯಾರ್ವ್ ಎಂದು ಕರೆಯುವ ಈ ಪ್ರಾಣಿಯನ್ನು ಹಿಮಸಾರಂಗ ಸಾಕುವ ಸಾಮಿ ಜನರ ವೈರಿಯೆಂದು ಸಾಕಷ್ಟು ಕೊಲ್ಲಲಾಯಿತು. ಉಳಿದವು ಎತ್ತರದ ಪರ್ವತಗಳಿಗೆ ಹೋಗಿ ಸೇರಿಕೊಂಡವು. 1969ರಲ್ಲಿ ಕಾನೂನಿನ ರಕ್ಷಣೆ ಬಂತು. 1996ರಿಂದ ಸರ್ಕಾರ ಪರಿಹಾರದ ಕ್ರಮವನ್ನೇ ಬದಲಿಸಿತು: ಸತ್ತ ಸಾರಂಗಗಳನ್ನು ಎಣಿಸಿ ಹಣ ಕೊಡುವ ಬದಲು, ಒಂದು ಸಾಮಿ ಹಳ್ಳಿಯ ಮೇವುನೆಲದಲ್ಲಿ ಎಷ್ಟು ವುಲ್ವರೀನ್ ತಾಯಂದಿರು ಮರಿಹಾಕಿದವೆಂದು ಎಣಿಸಿ ಹಣ ಕೊಡತೊಡಗಿತು. ಹೀಗೆ ಜೀವಂತ ಮರಿಗೂಡೇ ಆದಾಯವಾಯಿತು. ಸಂಖ್ಯೆ ಏರಿ, ಪ್ರಾಣಿ ಪರ್ವತದಿಂದಿಳಿದು ಪೂರ್ವ ಮತ್ತು ದಕ್ಷಿಣದ ಕಾಡುಗಳಿಗೆ ಬಂತು. ವಸಂತದ ಹಿಮ ನಿಲ್ಲದ ಜಾಗಗಳಲ್ಲಿಯೂ ಮರಿಹಾಕುತ್ತಿದೆ. ಬೇಟೆಗಾರರು ಬಿಟ್ಟುಹೋದ, ದೈತ್ಯ ಜಿಂಕೆಯಾದ ಮೂಸ್‌ನ ಕರುಳು ಮೂಳೆಗಳು, ಲಿಂಕ್ಸ್ ಕೊಂದು ಉಳಿಸಿದ ಹೆಣಗಳು ಅದಕ್ಕೆ ಧಾರಾಳವಾಗಿ ಸಿಗುತ್ತವೆ. ಎಡ್ಮಂಟನ್ ಇರುವ ಆಲ್ಬರ್ಟಾ ಪ್ರಾಂತ್ಯದ ಉತ್ತರದ ತಗ್ಗು ಕಾಡುಗಳಲ್ಲಿಯೂ ಬುಡಮೇಲಾದ ಮರಗಳ ಬೇರಿನಡಿ, ದಪ್ಪ ಪಾಚಿಯ ಪೊಟರೆಗಳಲ್ಲಿ ಮರಿಗೂಡುಗಳು ಸಿಕ್ಕಿವೆ. ಅನುಮಾನಿಯವರಿಗೆ ಇಷ್ಟು ಮಟ್ಟಿಗೆ ನನ್ನ ಬೆಂಬಲವಿದೆ. ಒಂದು ಪ್ರಾಣಿ ಇಂದು ಎಲ್ಲಿ ಉಳಿದಿದೆ ಎಂಬುದು ಅದಕ್ಕೆ ಎಲ್ಲಿ ಬದುಕಲು ಸಾಧ್ಯ ಎಂಬುದನ್ನು ಹೇಳುವುದಿಲ್ಲ. ನಾವು ಅದನ್ನು ಎಲ್ಲಿಂದೆಲ್ಲ ಓಡಿಸಿದೆವು ಎಂಬುದನ್ನಷ್ಟೇ ಹೇಳುತ್ತಿರಬಹುದು.

ಉಗ್ರಾಣದ ಮಾತು ಬೇರೆ. ವುಲ್ವರೀನ್ ಸಿಕ್ಕ ಮಾಂಸವನ್ನು ಹಿಮದಲ್ಲಿ, ತಣ್ಣನೆಯ ಬಂಡೆಗಳ ಸಂದಿಯಲ್ಲಿ ಬಚ್ಚಿಡುತ್ತದೆ. ಮೊಲೆಯೂಡುವ ತಾಯಿಗೆ ಆ ದಾಸ್ತಾನೇ ಆಧಾರ. ಬೆಚ್ಚಗಾದರೆ ಅದು ಕೊಳೆಯುತ್ತದೆ, ಹುಳು ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಮರಿಗೂಡಿಗೆ ಬೇರಿನ ಪೊಟರೆ ಸಾಕಾಗಬಹುದು, ಫ್ರಿಜ್ಜಿಗೆ ಸಾಲದು.

ಪಶುವೈದ್ಯೆ, ಶಿರಸಿ · ಡಿಸೆಂಬರ್ 9

ಉಣುಗಿನ ವಿಷಯವನ್ನು ಇಷ್ಟು ಹೊತ್ತಾದರೂ ಯಾರೂ ಎತ್ತಲಿಲ್ಲವಲ್ಲ! ಮಂಗನ ಕಾಯಿಲೆಯ ಸೀಮೆಯಲ್ಲಿ ಕೆಲಸ ಮಾಡುವ ನನಗೆ ಮೂಸ್‌ನ ಕಥೆ ಓದಿದಾಗ ಮೈ ಜುಮ್ಮೆಂದಿತು. ಮೂಸ್ ನಮ್ಮ ಕಡವೆಯ ಬಳಗದ್ದೇ, ಜಿಂಕೆ ಕುಟುಂಬದಲ್ಲೆಲ್ಲ ದೊಡ್ಡದು, ಗಂಡು ಐದುನೂರು ಕಿಲೋ ದಾಟುವುದುಂಟು. ಅಂಥ ಪ್ರಾಣಿಯನ್ನು ಎಳ್ಳಿನ ಗಾತ್ರದಿಂದ ಶುರುವಾಗುವ ಜೀವಿ ಮಲಗಿಸುತ್ತಿದೆ.

ನಮ್ಮ ಮಂಗನ ಕಾಯಿಲೆಯ ಉಣುಗು ಮೂರು ಹಂತಗಳಲ್ಲಿ ಮೂರು ಪ್ರಾಣಿಗಳನ್ನು ಹತ್ತಿಳಿಯುತ್ತದೆ. ಉತ್ತರ ಅಮೆರಿಕದ ಚಳಿಗಾಲದ ಉಣುಗು ಹಾಗಲ್ಲ, ಒಮ್ಮೆ ಹತ್ತಿದ ಪ್ರಾಣಿಯ ಮೇಲೇ ಮೂರೂ ಹಂತಗಳನ್ನು ಮುಗಿಸುತ್ತದೆ. ಸೆಪ್ಟೆಂಬರ್‌ನಿಂದ ಮರಿಗಳು ಗಿಡದ ತುದಿಯಲ್ಲಿ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಒಂದರ ಕಾಲನ್ನೊಂದು ಹಿಡಿದು ಗೊಂಚಲಾಗಿ ಕಾಯುತ್ತವೆ. ಮೂಸ್‌ನ ಮೈ ಸೋಕಿದರೆ ಒಂದು ಹತ್ತಿದ ಹಿಂದೆ ಇಡೀ ಗೊಂಚಲು ಸರಪಳಿಯಂತೆ ಹತ್ತುತ್ತದೆ. ಮೊದಲ ಗಟ್ಟಿ ಹಿಮ ಬಿದ್ದಾಗ ಗಿಡದ ಮೇಲುಳಿದವು ಸಾಯುತ್ತವೆ, ಅಲ್ಲಿಗೆ ಆ ವರ್ಷದ ಹತ್ತಾಟ ಮುಗಿಯಿತು. ಹಿಮ ಮೂರು ವಾರ ತಡವಾದರೆ ಉಣುಗಿಗೆ ಮೂರು ವಾರ ಹೆಚ್ಚಿನ ಸಂತೆ. ಏಪ್ರಿಲ್ ಹೊತ್ತಿಗೆ ದ್ರಾಕ್ಷಿಯಷ್ಟು ಊದಿದ ಹೆಣ್ಣು ಉಣುಗುಗಳು ಮೊಟ್ಟೆಯಿಡಲು ಉದುರುತ್ತವೆ. ಹಿಮದ ಮೇಲೆ ಬಿದ್ದರೆ ಬಹುಪಾಲು ಸಾಯುತ್ತವೆ, ಒಣಗಿದ ತರಗೆಲೆಯ ಮೇಲೆ ಬಿದ್ದರೆ ಬದುಕುತ್ತವೆ. ಅಂದರೆ ಹಿಮ ಚಳಿಗಾಲದ ಎರಡೂ ತುದಿಗಳಲ್ಲಿ ಮೂಸ್ ಪರವಾಗಿ ಕಾವಲು ನಿಂತಿತ್ತು, ಈಗ ಎರಡೂ ತುದಿಗಳಲ್ಲಿ ಕಾವಲು ಸಡಿಲವಾಗಿದೆ.

ನ್ಯೂ ಹ್ಯಾಂಪ್‌ಶೈರ್ ಮತ್ತು ಮೇನ್ ರಾಜ್ಯಗಳಲ್ಲಿ 2014ರಿಂದ 2016ರವರೆಗೆ ಪಟ್ಟಿ ಕಟ್ಟಿ ಹಿಂಬಾಲಿಸಿದ ಮೂಸ್ ಕರುಗಳಲ್ಲಿ ಶೇಕಡಾ 70ರಷ್ಟು ಸತ್ತವು. ಸತ್ತ ಕರುವಿನ ಮೈಮೇಲೆ ಸರಾಸರಿ 47 ಸಾವಿರ ಉಣುಗು. ಹತ್ತು ತಿಂಗಳ ಕರು ಕೆಲವೇ ವಾರಗಳಲ್ಲಿ ತನ್ನ ಮೈಯ ರಕ್ತದಷ್ಟನ್ನೂ ಕಳೆದುಕೊಂಡರೆ ತಿಂದು ತುಂಬಿಕೊಳ್ಳಲು ಆ ಕಾಲದಲ್ಲಿ ಹಸಿರೆಲೆ ಎಲ್ಲಿದೆ? ದೊಡ್ಡವು ಸಾಯದಿದ್ದರೂ ಮರಕ್ಕೆ ಮೈಯುಜ್ಜಿ ಕೂದಲೆಲ್ಲ ಕಿತ್ತುಹೋಗಿ ಬೂದುಬಣ್ಣದ ಅಸ್ಥಿಪಂಜರಗಳಂತೆ ಓಡಾಡುತ್ತವೆ. ಅಲ್ಲಿನ ಜನ ಅವನ್ನು ದೆವ್ವದ ಮೂಸ್ ಎನ್ನುತ್ತಾರೆ.

ಹಸುಗಳಿಗಾದರೆ ನಾವು ಔಷಧಿ ಸಿಂಪಡಿಸುತ್ತೇವೆ, ಕಾಡುಪ್ರಾಣಿಗೆ ಮಾಡುವುದೇನು? ಮೂಸ್ ಒತ್ತೊತ್ತಾಗಿದ್ದಷ್ಟೂ ಉಣುಗು ಹೆಚ್ಚೆಂಬ ಲೆಕ್ಕದಲ್ಲಿ ಮೇನ್ ರಾಜ್ಯ 2021ರಿಂದ ಒಂದು ಪ್ರದೇಶದಲ್ಲಿ ಬೇಟೆಯ ಪರವಾನಗಿ ಹೆಚ್ಚಿಸಿ ಪರೀಕ್ಷೆ ಮಾಡಿತು. ಉಳಿಸುವುದಕ್ಕಾಗಿ ಕೊಲ್ಲುವ ಈ ಕ್ರಮ ನನಗೆ ವೃತ್ತಿಯಿಂದ ಅರ್ಥವಾಗುತ್ತದೆ, ಮನಸ್ಸಿಗೆ ಒಗ್ಗುವುದಿಲ್ಲ.

ಅನುಮಾನಿ, ಬೆಂಗಳೂರು · ಡಿಸೆಂಬರ್ 9

ಮೇಡಂ, ಉಣುಗಿನ ವಿವರಣೆ ನನ್ನ ವಾದವನ್ನು ಸಾಕಷ್ಟು ಅಲುಗಾಡಿಸಿತೆಂದು ಒಪ್ಪುತ್ತೇನೆ. ಆದರೂ ಕ್ಯಾರಿಬೂ, ಅಂದರೆ ಉತ್ತರ ಅಮೆರಿಕದ ಹಿಮಸಾರಂಗದ ವಿಷಯದಲ್ಲಿ ನನ್ನ ನಿಲುವು ಗಟ್ಟಿಯಾಗಿದೆ. ಅಲ್ಲಿ ಅಪರಾಧಿ ಗರಗಸ ಮತ್ತು ಬುಲ್ಡೋಜರ್. ಸ್ಪ್ರೂಸ್‌ನಾಡು ಅವರು ಆಲ್ಬರ್ಟಾದಲ್ಲೇ ಇದ್ದಾರೆ, ಹೇಳಲಿ.

ಸ್ಪ್ರೂಸ್‌ನಾಡು, ಎಡ್ಮಂಟನ್ · ಡಿಸೆಂಬರ್ 12

ಹೇಳುತ್ತೇನೆ, ಅಡುಗೆಮನೆಯಿಂದ ಶುರುಮಾಡುತ್ತೇನೆ. ಮಸಾಲೆ ಪುಡಿಗೆ ಹಾಕುವ ಕಲ್ಲುಹೂವು ಎಲ್ಲರಿಗೂ ಗೊತ್ತು. ಅದು ಹೂವಲ್ಲ, ಅಣಬೆ ಮತ್ತು ಪಾಚಿ ಕೂಡಿ ಬಾಳುವ ಸಂಸಾರ. ಅದೇ ಜಾತಿಯ ಬೂದುಬಿಳಿ ಪೊದರುಗಳು ಇಲ್ಲಿನ ಹಳೆಯ ಕಾಡಿನ ನೆಲಕ್ಕೆ ಹಾಸಿಕೊಂಡಿರುತ್ತವೆ, ಗಡ್ಡದಂತೆ ಕೊಂಬೆಗಳಿಂದಲೂ ಜೋತಿರುತ್ತವೆ. ಬೇಸಿಗೆಯಲ್ಲಿ ತುಳಿದರೆ ಹಪ್ಪಳದಂತೆ ಮುರಿಯುತ್ತವೆ, ಮಳೆ ಬಿದ್ದ ಮೇಲೆ ಸ್ಪಂಜಿನಂತೆ ಮೆತ್ತಗಾಗುತ್ತವೆ. ಚಳಿಗಾಲದಲ್ಲಿ ಕ್ಯಾರಿಬೂ ಹಿಮವನ್ನು ಗೊರಸಿನಿಂದ ಕೆದರಿ ತಿನ್ನುವುದು ಇದನ್ನೇ. ಬೇರೆ ಜಿಂಕೆಗಳಿಗೆ ಇದರಿಂದ ಹೊಟ್ಟೆ ತುಂಬದು. ಕ್ಯಾರಿಬೂ ಬದುಕುಳಿದ ಉಪಾಯವೂ ಅದೇ: ಬೇರೆ ಯಾರಿಗೂ ಬೇಡದ ಬಡ ಕಾಡಿನಲ್ಲಿ ಇದ್ದುಬಿಟ್ಟರೆ ತೋಳಗಳೂ ಅತ್ತ ಸುಳಿಯುವುದಿಲ್ಲ.

ಸುಟ್ಟ ಅಥವಾ ಕಡಿದ ಕಾಡಿನಲ್ಲಿ ಈ ಹಾಸು ಮೊದಲಿನಂತಾಗಲು ಹಲವು ದಶಕಗಳು ಬೇಕು. ಅದರ ಬದಲು ಮೊದಲು ಚಿಗುರುವುದು ಎಳೆಯ ಗಿಡಗಂಟಿಗಳು. ಅವನ್ನು ಮೇಯಲು ಮೂಸ್ ಮತ್ತು ಬಿಳಿಬಾಲದ ಜಿಂಕೆ ಬರುತ್ತವೆ, ಅವುಗಳ ಹಿಂದೆ ತೋಳ ಬರುತ್ತದೆ, ದಾರಿಯಲ್ಲಿ ಸಿಕ್ಕ ಕ್ಯಾರಿಬೂವನ್ನೂ ಹಿಡಿಯುತ್ತದೆ. ತೈಲ ಹುಡುಕಲು ಕಾಡಿನಲ್ಲಿ ಕಡಿದ ನೇರ ಗೆರೆಗಳು ತೋಳಕ್ಕೆ ಹೆದ್ದಾರಿಗಳಾದವು. ಇಷ್ಟರ ಮಟ್ಟಿಗೆ ಅನುಮಾನಿಯವರ ಮಾತು ನೂರಕ್ಕೆ ನೂರು ಸರಿ.

ಆದರೆ ಬಿಳಿಬಾಲದ ಜಿಂಕೆ ಇಷ್ಟು ಉತ್ತರಕ್ಕೆ ಬಂದದ್ದು ಗರಗಸದ ದೆಸೆಯಿಂದಲೋ, ಹಿಮ ಕಡಿಮೆಯಾದದ್ದರಿಂದಲೋ ಎಂಬುದನ್ನು ಬಿಡಿಸಿ ನೋಡಲು ಒಂದು ತಂಡ ಜಾಣತನದಿಂದ ಆಲ್ಬರ್ಟಾ ಮತ್ತು ಸಸ್ಕ್ಯಾಚೆವಾನ್ ಪ್ರಾಂತ್ಯಗಳ ಗಡಿಯನ್ನೇ ಆರಿಸಿಕೊಂಡಿತು. ಗಡಿಯ ಎರಡೂ ಬದಿ ಹವಾಮಾನ ಒಂದೇ. ಆಲ್ಬರ್ಟಾದ ಬದಿಯಲ್ಲಿ ಕಾಡಿಗೆ ಆದ ಗಾಯ ಬಹಳ ಹೆಚ್ಚು. ಕ್ಯಾಮರಾಗಳನ್ನಿಟ್ಟು ವರ್ಷಗಟ್ಟಲೆ ಎಣಿಸಿ 2024ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಜಿಂಕೆಯ ಸಂಖ್ಯೆಯನ್ನು ಹೆಚ್ಚು ನಿರ್ಧರಿಸಿದ್ದು ಚಳಿಗಾಲದ ಕಠಿಣತೆ. ಕಾಡಿನ ಗಾಯಕ್ಕೆ ಎರಡನೆಯ ಸ್ಥಾನ. ಗರಗಸ ಬಾಗಿಲು ತೆರೆಯಿತು ನಿಜ, ಒಳಗೆ ಬರಲು ಧೈರ್ಯ ಕೊಟ್ಟದ್ದು ಮೆದುವಾದ ಚಳಿ.

ಬೆಂಕಿಯ ಮಾತನ್ನು ಆಡದೆ ಮುಗಿಸಲಾರೆ. 2023ರಲ್ಲಿ ಕೆನಡಾದಲ್ಲಿ ಸುಮಾರು 1.5 ಕೋಟಿ ಹೆಕ್ಟೇರ್ ಕಾಡು ಸುಟ್ಟಿತು. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣ 1.92 ಕೋಟಿ ಹೆಕ್ಟೇರ್. ಆ ವರ್ಷದ ಮೇ ತಿಂಗಳಲ್ಲಿ ಎಡ್ಮಂಟನ್‌ನಲ್ಲಿ ಮಧ್ಯಾಹ್ನ ಸೂರ್ಯ ಕುಂಕುಮದ ಬೊಟ್ಟಿನಂತೆ ಕಾಣುತ್ತಿತ್ತು, ಬರಿಗಣ್ಣಿನಿಂದ ನೋಡಬಹುದಿತ್ತು. ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿದರೂ ಹಾಸಿಗೆಗೆಲ್ಲ ಹೊಗೆಯ ವಾಸನೆ. ಆಗಸ್ಟ್‌ನಲ್ಲಿ ಯೆಲ್ಲೋನೈಫ್ ಎಂಬ ಇಪ್ಪತ್ತು ಸಾವಿರ ಜನರ ಊರನ್ನೇ ತೆರವು ಮಾಡಿಸಿದರು. ಸುಟ್ಟ ಕಾಡು ಕೆಲವು ಪ್ರಾಣಿಗಳಿಗೆ ಹಬ್ಬ, ಮೂಸ್‌ಗೆ ಮೇವು ಹೆಚ್ಚುತ್ತದೆ. ಕಲ್ಲುಹೂವನ್ನು ನಂಬಿದ ಪ್ರಾಣಿಗೆ ಮಾತ್ರ ಅದು ಹಲವು ತಲೆಮಾರುಗಳ ಉಪವಾಸ.

ಕೈಕಟ್ಟಿ ಕುಳಿತಿಲ್ಲದವರೂ ಇದ್ದಾರೆ. ಬ್ರಿಟಿಷ್ ಕೊಲಂಬಿಯಾದ ಕ್ಲಿನ್ಸೆ-ಜಾ ಹಿಂಡಿನಲ್ಲಿ 2013ರಲ್ಲಿ 38 ಕ್ಯಾರಿಬೂಗಳು ಉಳಿದಿದ್ದವು. ವೆಸ್ಟ್ ಮೋಬರ್ಲಿ ಮತ್ತು ಸೋಲ್ಟೋ ಎಂಬ ಮೂಲನಿವಾಸಿ ಸಮುದಾಯಗಳು ಬಸುರಿ ಕ್ಯಾರಿಬೂಗಳನ್ನು ಬೇಲಿ ಕಟ್ಟಿದ ಆವರಣದಲ್ಲಿಟ್ಟು, ಕಲ್ಲುಹೂವನ್ನು ಕೈಯಾರೆ ಆರಿಸಿ ತಂದು ತಿನ್ನಿಸಿ, ಕರುಗಳು ಗಟ್ಟಿಯಾದ ಮೇಲೆ ಬಿಟ್ಟವು. ಜೊತೆಗೆ ತೋಳಗಳ ಸಂಖ್ಯೆಯನ್ನೂ ತಗ್ಗಿಸಿದರು. ಎಂಟು ವರ್ಷಗಳಲ್ಲಿ ಹಿಂಡು ನೂರು ದಾಟಿತು.

ಹಾರುಬೆಕ್ಕು, ತೀರ್ಥಹಳ್ಳಿ · ಡಿಸೆಂಬರ್ 13

ಕಲ್ಲುಹೂವನ್ನು ಕೈಯಾರೆ ಆರಿಸುವುದೆಂದರೆ ಎಷ್ಟು ಹೊತ್ತಿನ ಕೆಲಸವೆಂದು ನಮ್ಮ ಕಡೆ ಮರಹತ್ತಿ ಬಿಡಿಸುವವರನ್ನು ಕೇಳಬೇಕು. ಇಡೀ ದಿನ ಕೂತರೂ ಒಣಗಿದ ಮೇಲೆ ಚೀಲದ ತಳ ಮುಚ್ಚುವುದಿಲ್ಲ.

ಸ್ಪ್ರೂಸ್‌ನಾಡು, ಎಡ್ಮಂಟನ್ · ಏಪ್ರಿಲ್ 21

ನಾಲ್ಕು ತಿಂಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಮೇಷ್ಟ್ರಿಗೆ ಕೊಟ್ಟ ತಪ್ಪು ಉತ್ತರದ ಪ್ರಾಯಶ್ಚಿತ್ತಕ್ಕೆಂದು ನಿನ್ನೆ ಮಗಳೊಂದಿಗೆ ಊರ ಪೂರ್ವಕ್ಕಿರುವ ಎಲ್ಕ್ ಐಲೆಂಡ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. ವಾರದ ಹಿಂದೆ ಎಲ್ಲವೂ ಕರಗಿತ್ತು, ಮೊನ್ನೆ ರಾತ್ರಿ ಇದ್ದಕ್ಕಿದ್ದಂತೆ ಮತ್ತೆ ಮೊಣಕೈಯುದ್ದ ಹಿಮ ಬಿದ್ದಿದೆ. ಆಸ್ಪೆನ್ ಪೊದೆಯೊಂದರ ಬುಡದಲ್ಲಿ ಮೊದಲು ಕಂಡದ್ದು ಹೆಜ್ಜೆಗಳು: ಹಿಂಗಾಲಿನ ಗುರುತು ಮುಂದೆ, ಮುಂಗಾಲಿನದು ಹಿಂದೆ, ಹಿಂಗಾಲಿನ ಗುರುತು ಮಗಳ ಅಂಗೈಯನ್ನು ಪೂರ್ತಿ ಮುಚ್ಚುವಷ್ಟು ಅಗಲ. ಹೆಜ್ಜೆ ಹಿಡಿದು ನೋಡಿದರೆ ಹತ್ತಡಿ ದೂರದಲ್ಲಿ ಗಿಡ್ಡ ಕಿವಿಯ, ಚಿಕ್ಕ ಮೈಯ ಮೊಲ. ಮುಖ, ಹಣೆ, ಬೆನ್ನು ಕಂದಾಗಿವೆ. ಪಕ್ಕೆ, ಹೊಟ್ಟೆ, ಕಾಲು ಇನ್ನೂ ಬಿಳಿ. ಈ ಸಲ ಬಿಳಿಯ ನೆಲದ ಮೇಲೆ ಕಂದು ಬೆನ್ನು! ಇದೂ ಕದಲದೆ ಕುಳಿತಿತ್ತು. ಮೇಷ್ಟ್ರೇ, ಈಗಲಾದರೂ ಸರಿಯೆ?

ನಿವೃತ್ತ ಮೇಷ್ಟ್ರು, ಮೈಸೂರು · ಏಪ್ರಿಲ್ 22

ಸರಿ, ಸ್ನೋಶೂ ಮೊಲವೇ. ಮಗಳಿಗೂ ಅಭಿನಂದನೆ ತಿಳಿಸಿ. ಶರತ್ಕಾಲದಲ್ಲಿ ಸ್ವಾತಂತ್ರ್ಯವಿಲ್ಲ ಎಂದು ನಾನು ಬರೆದದ್ದರ ಇನ್ನೊಂದು ಅರ್ಧ ಇಲ್ಲಿದೆ. ವಸಂತದಲ್ಲಿ ಬಣ್ಣ ಬದಲಿಸಲು ಶುರುಮಾಡುವ ದಿನ ಹೆಚ್ಚು ಕಡಿಮೆ ಗಟ್ಟಿ; ಆದರೆ ಹಿಮ ಉಳಿದ, ಚಳಿ ಹೆಚ್ಚಿದ ವರ್ಷ ಬದಲಾಗುವ ವೇಗವನ್ನು ತುಸು ನಿಧಾನಿಸಿಕೊಳ್ಳುವ ಶಕ್ತಿ ಅವಕ್ಕಿದೆಯೆಂದು ಮಿಲ್ಸ್ ತಂಡವೇ ಕಂಡುಕೊಂಡಿದೆ. ತಾವು ಕಂಡ ಅರೆಬರೆ ಮೊಲ ನಿಧಾನಿಸಿತೋ ಇಲ್ಲವೋ ಎಂದು ಒಂದು ದಿನದ ನೋಟದಿಂದ ಹೇಳಲಾಗದು. ಅದೇ ಪೊದೆಗೆ ವಾರಕ್ಕೊಮ್ಮೆ ಹೋಗಿ, ತಾರೀಖು ಹಾಕಿ, ನೆಲದಲ್ಲಿ ಹಿಮ ಎಷ್ಟು, ಮೈಯಲ್ಲಿ ಬಿಳಿ ಎಷ್ಟು ಎಂದು ಎರಡು ಕಾಲಂ ಮಾಡಿ ಬರೆದಿಡಿ.

ಸ್ಪ್ರೂಸ್‌ನಾಡು, ಎಡ್ಮಂಟನ್ · ಏಪ್ರಿಲ್ 22

ಮಗಳು ಪುಸ್ತಕ ಶುರುಮಾಡಿದ್ದಾಳೆ. ಮೊದಲ ಸಾಲು: ಏಪ್ರಿಲ್ 20, ನೆಲ ಶೇಕಡಾ 100 ಬಿಳಿ, ಮೊಲ ಶೇಕಡಾ 60 ಬಿಳಿ, ಕಿವಿಯ ಬಗ್ಗೆ ಅಪ್ಪನಿಗೂ ನನಗೂ ಒಮ್ಮತವಿಲ್ಲ.